ಬಾವಿಮನೆ ಅಕ್ಕನ ಸಕ್ಕರೆ

...ಅಥವಾ ಅದು ಮುರುಗಲಿನ ವಾಸನೆಯೇ ಅಲ್ಲದಿರಬಹುದು. ಹುಳಿ ಹಣ್ಣಿನ ಸಿಪ್ಪೆ ಯಾವುದಾದರೂ ಬಿಸಿಲಿಗೆ ಒಣಗಿದರೆ ಹೆಚ್ಚುಕಡಿಮೆ ಒಂದೇ ವಾಸನೆ. ಮೊನ್ನೆ ಸೊಸೆ ಶಿರಸಿ ಪೇಟೆಯಿಂದ ತಂದ ಪೊಟ್ಟಣವನ್ನು ಅಡುಗೆಕಟ್ಟೆಯ ಮೇಲೆ ಬಿಚ್ಚಿದಳು. ಕೆಲವು ಕಡೆ ಪುನರ್ಪುಳಿ ಎನ್ನುವ ಮುರುಗಲಿನ ಕಪ್ಪುಗೆಂಪು ಸಿಪ್ಪೆ, ಅಂಚಿನಲ್ಲಿ ಉಪ್ಪಿನ ಹರಳು. ಬಾಯಲ್ಲಿ ನೀರೂರುವ ಮೊದಲೇ ಹೊಟ್ಟೆಯೊಳಗೆ ಏನೋ ಚುರ್ ಎಂದಿತು. ಹಸಿವಲ್ಲ. ಅದು ನನಗೆ ಚೆನ್ನಾಗಿ ಪರಿಚಯವಿರುವ ಉರಿ. ಬಾವಿಮನೆ ಅಕ್ಕ ರಕ್ತಪರೀಕ್ಷೆಯ ಲ್ಯಾಬಿನಿಂದ ನಗುತ್ತ ಹೊರಗೆ ಬಂದಾಗಲೆಲ್ಲ ಅಲ್ಲೇ, ಅಷ್ಟೇ ಜಾಗದಲ್ಲಿ ಆಗುತ್ತಿತ್ತು. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಹೋದವಳ ಮೇಲೆ ಇನ್ನೂ ಹೊಟ್ಟೆಕಿಚ್ಚು ಎಂದರೆ ಯಾರಾದರೂ ನಗಬಹುದು. ನಗಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದರಲ್ಲೂ ಮತ್ಸರ ಪಟ್ಟವಳ ನೆನಪು ಬೇಕಾದಲ್ಲಿ ಬಣ್ಣ ಗಾಢ ಮಾಡಿಕೊಳ್ಳುತ್ತದೆ. ಅಕ್ಕನ ನಗು ನನ್ನ ತಲೆಯಲ್ಲಿ ಇರುವಷ್ಟು ದೊಡ್ಡದಾಗಿ ನಿಜವಾಗಿಯೂ ಇತ್ತೇ, ಗೊತ್ತಿಲ್ಲ.

ಆಗ ನಾವು ಸಿದ್ದಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಕ್ಕದ ಮನೆಯ ಅಂಗಳದಲ್ಲಿ ಬಾವಿ ಇದ್ದುದರಿಂದ ಓಣಿಯವರಿಗೆಲ್ಲ ಅದು ಬಾವಿಮನೆ, ಆ ಮನೆಯ ಯಜಮಾನಿ ಬಾವಿಮನೆ ಅಕ್ಕ. ನನಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದಳು. ಅವಳ ಗಂಡನನ್ನು ನಾನು ಬಾವ ಎನ್ನುತ್ತಿದ್ದೆ. ಮೊದಲು ನಮ್ಮ ನಡುವೆ ಇದ್ದದ್ದು ಕೊತ್ತಂಬರಿ, ಹೆಪ್ಪು, ಬೆಂಕಿಪೆಟ್ಟಿಗೆಯ ಕೊಡುಕೊಳ್ಳುವಿಕೆ ಮಾತ್ರ. ಒಂದೇ ಬೇಸಿಗೆಯಲ್ಲಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು, ಅಲ್ಲಿಂದ ನಾವು ಜೋಡಿಯಾದೆವು.

ನನ್ನ ಅಪ್ಪ ಇದೇ ಕಾಯಿಲೆಯಲ್ಲಿ ಹೋದವರು. ಮೊದಲು ಕಾಲು ಹೋಯಿತು, ಆಮೇಲೆ ಉಳಿದದ್ದು. ಹಾಗಾಗಿ ನನ್ನ ವರದಿ ಕೈಗೆ ಬಂದ ದಿನವೇ ನಾನು ಸಿಹಿಯನ್ನು ಬಿಟ್ಟೆ, ಅನ್ನವನ್ನು ಸೌಟಿನಲ್ಲಿ ಅಳೆದೆ, ಉಗುರು ತೆಗೆಯುವಾಗಲೂ ಉಸಿರು ಹಿಡಿದೆ. ಅಕ್ಕ ವರದಿಯನ್ನು ಮಡಚಿ ಬ್ಲೌಸಿನೊಳಗೆ ಸೇರಿಸಿಕೊಂಡು, "ಆತು ಬಿಡು ತಂಗಿ, ಇನ್ನು ಹಣ್ಣು ತಿನ್ನದು ಹೆಚ್ಚು ಮಾಡ್ತೆ" ಎಂದಳು. ಹಣ್ಣೆಂದರೆ ಸೇಬು, ದ್ರಾಕ್ಷಿಯಲ್ಲ. ಬೇಸಿಗೆಯಲ್ಲಿ ಕವಳಿ, ಮಳೆಯ ಮೊದಲು ನೇರಳೆ, ಚಳಿಯಲ್ಲಿ ನೆಲ್ಲಿ, ಮತ್ತು ವರ್ಷವಿಡೀ ಒಣಮುರುಗಲನ್ನು ನೆನೆಸಿದ ನೀರು. ಹುಳಿಯೂ ಒಗರೂ ಆದ ಹಣ್ಣು ಸಕ್ಕರೆಯನ್ನು ಕಟ್ಟಿಹಾಕುತ್ತದೆ ಎಂಬುದು ಅವಳ ನಂಬಿಕೆ. ಯಾರಿಂದ ಕಲಿತಳೆಂದು ಕೇಳಿದರೆ ಒಂದೊಂದು ಸಲ ಒಬ್ಬೊಬ್ಬರ ಹೆಸರು ಹೇಳುತ್ತಿದ್ದಳು.

ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಶಿರಸಿಗೆ ಹೋಗಬೇಕಿತ್ತು. ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಬಸ್ಸಿಗೆ. ಅಕ್ಕ ಏಕಾದಶಿ ಮಾಡುತ್ತಿದ್ದಳು. ಅವಳ ತವರಿನಿಂದ ಬಂದ ರೂಢಿ ಅದು. ಅನ್ನ ಮುಟ್ಟುವುದಿಲ್ಲ, ಅವಲಕ್ಕಿಯೂ ಇಲ್ಲ, ಇಡೀ ದಿನಕ್ಕೆ ಒಂದು ಮುಷ್ಟಿ ಹಣ್ಣು, ಮುರುಗಲ ನೀರು. ದಿನ ಗೊತ್ತು ಮಾಡಿದವಳು ಅವಳೇ. "ಹೆಂಗಿದ್ರೂ ಖಾಲಿ ಹೊಟ್ಟೇಲಿ ಹೋಗವು ಅಲ್ದನೆ? ಏಕಾದಶಿ ಮರುದಿನವೇ ಹೋಪನ. ಒಂದೇ ಉಪಾಸದಲ್ಲಿ ಎರಡು ಕೆಲಸ." ನನಗೆ ಉಪವಾಸದ ಗೊಡವೆ ಇರಲಿಲ್ಲ. ಹಿಂದಿನ ರಾತ್ರಿ ಎಂದಿನಂತೆ ಅಳೆದ ಅನ್ನ ಉಂಡು, ಬೆಳಿಗ್ಗೆ ಅವಳ ಜೊತೆ ಬಸ್ಸು ಹತ್ತುತ್ತಿದ್ದೆ.

ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದವನು ಹಾವೇರಿ ಕಡೆಯವನು. ಸೂಜಿ ಚುಚ್ಚುವಾಗ ಮಾತನಾಡಿಸುತ್ತಿದ್ದ. ಫಲಿತಾಂಶ ಕೊಡುವಾಗ ಇನ್ನೂ ಹೆಚ್ಚು.

"ಬರ್ರಿ ಅಕ್ಕಾರ. ನಿಮ್ದು ಭಾಳ ಚಲೋ ಐತ್ರಿ. ಏನ್ ತಿಂತೀರಿ ಹೇಳ್ರಿ, ನಮ್ಮವ್ವಗೂ ಅದನ್ನ ಕೊಡ್ತೀನಿ."

"ಆನು ಎಂತದೂ ಮಾಡ್ತ್ನಿಲ್ಲೆ ಮಾರಾಯ. ಹಣ್ಣು ತಿಂತೆ, ಮುರುಗಲು ಕುಡಿತೆ. ಅಷ್ಟೇಯ."

ಆಮೇಲೆ ನನ್ನ ಕಡೆ ತಿರುಗುತ್ತಿದ್ದ. ದನಿ ಇಳಿಯುತ್ತಿತ್ತು. ಅವನ ಕಡೆ ಟೀಚರಿಗೆ ಬಾಯಾರು ಎನ್ನುತ್ತಾರೆ. "ನಿಮ್ದು ಸ್ವಲ್ಪ ಏರೇತ್ರಿ ಬಾಯಾರ. ಡಾಕ್ಟರ್‌ಗೆ ತೋರಸ್ರಿ."

ನನ್ನ ನೆನಪಿನಲ್ಲಿ ಅವನು ಪ್ರತಿಸಲವೂ ಇದೇ ಮಾತನ್ನು ಇದೇ ಕ್ರಮದಲ್ಲಿ ಹೇಳುತ್ತಾನೆ. ಹಾಗಿರಲು ಸಾಧ್ಯವಿಲ್ಲ. ಕೆಲವು ಸಲವಾದರೂ ನನ್ನದೂ ಇಳಿದಿರಲೇಬೇಕು. ಆ ಸಲಗಳು ಎಲ್ಲಿ ಹೋದವು? ಅವನ್ನು ನೆನಪು ಇಟ್ಟುಕೊಂಡಿಲ್ಲ, ಅವುಗಳಿಂದ ಅದಕ್ಕೆ ಏನೂ ಆಗಬೇಕಿರಲಿಲ್ಲ.

ರಕ್ತ ಕೊಟ್ಟು ವರದಿ ಕೈಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಹೋಗುತ್ತಿದ್ದೆವು. ದ್ವಾದಶಿಯ ಪಾರಣೆಯನ್ನು ಮನೆಯಲ್ಲಿ ಮಾಡಬೇಕು, ಸ್ನಾನ ಪೂಜೆ ಆಗಿರಬೇಕು. ಅಕ್ಕ ಮಾತ್ರ ಪರ್ಸಿನೊಳಗಿಂದ ಒಂದು ತುಳಸಿ ಎಲೆ ತೆಗೆದು ಬಾಯಿಗೆ ಹಾಕಿಕೊಂಡು ಎರಡು ಬನ್ಸ್ ತರಿಸುತ್ತಿದ್ದಳು. ದೇವರು ಒಪ್ಪುತ್ತಾನೆಯೇ ಎಂದು ನಾನು ಚುಚ್ಚಿದರೆ, "ಅವಂಗೆ ಸಿರ್ಸಿ ಬಸ್ಸು ಸಿಕ್ಕಿದ್ದಿಲ್ಲೆ, ನೀ ಸುಮ್ನಿರು" ಎನ್ನುತ್ತಿದ್ದಳು. ಬಾಳೆಹಣ್ಣು ಕಲಸಿದ ಹಿಟ್ಟು, ಎಣ್ಣೆಯಲ್ಲಿ ಉಬ್ಬಿದ್ದು, ಒಳಗೆ ಸಕ್ಕರೆ. ಅವಳು ಅದನ್ನು ಹರಿದು ತಿನ್ನುವುದನ್ನು ನಾನು ಸಕ್ಕರೆ ಇಲ್ಲದ ಚಹಾದ ಲೋಟದ ಮೇಲಿಂದ ನೋಡುತ್ತಿದ್ದೆ. ಊಟದ ನಂತರದ ರಕ್ತವನ್ನೂ ಕೊಡಿ ಎಂದು ನಮ್ಮಿಬ್ಬರ ಡಾಕ್ಟರು ಒಮ್ಮೆ ಹೇಳಿದ್ದರು. ಎರಡು ತಾಸು ಕಾಯುತ್ತ ಕೂತರೆ ಬಸ್ಸು ತಪ್ಪುತ್ತದೆಂದು ಇಬ್ಬರೂ ಬಿಟ್ಟೆವು. ಖಾಲಿ ಹೊಟ್ಟೆಯ ವರದಿಯೊಂದನ್ನೇ ನೋಡಿ ಅವಳ ಗುಳಿಗೆ ಅರ್ಧಕ್ಕೆ ಇಳಿಯಿತು. ನನ್ನದು ಒಂದಿದ್ದದ್ದು ಎರಡಾಯಿತು.

ಮನೆಗೆ ಬಂದರೆ ನಮ್ಮನೆಯವರು ನನ್ನ ವರದಿಯನ್ನು ಕೇಳುವ ಮೊದಲು ಅಕ್ಕನದನ್ನು ಕೇಳುತ್ತಿದ್ದರು. "ಅವ್ಳಿಗೆ ಎಷ್ಟು ಬಂತು?" ಹೇಳಿದರೆ, "ನೋಡಿ ಕಲ್ತ್ಕ ಸ್ವಲ್ಪ. ಹೊಟ್ಟೆ ಕಟ್ಟಿದ್ರೆ ಆಗ್ತಿಲ್ಲೆ, ಮನಸು ಹಗೂರ ಇರವು" ಎನ್ನುತ್ತಿದ್ದರು. ನನ್ನ ಮನಸ್ಸು ಹಗುರವಿಲ್ಲದಿರುವುದೂ ನನ್ನ ರಕ್ತದಲ್ಲಿ ಕಾಣುತ್ತಿದೆಯೆಂದಾದರೆ ಇನ್ನು ಉಳಿದದ್ದೇನು?

ಅಕ್ಕ ಜಿಪುಣಿಯಲ್ಲ. ಹಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮುರುಗಲು ಹಣ್ಣಾಗುವ ಕಾಲಕ್ಕೆ ಭೈರುಂಬೆಯ ತವರಿನಿಂದ ಬುಟ್ಟಿಗಟ್ಟಲೆ ತರಿಸಿ, ಹಣ್ಣು ಒಡೆದು ಬೀಜ ತೆಗೆದು, ಸಿಪ್ಪೆಗೆ ಉಪ್ಪು ಹಾಕಿ ಬಿಸಿಲಿಗಿಡುತ್ತಿದ್ದಳು. ಸಂಜೆ ಅದೇ ಹಣ್ಣಿನ ರಸವನ್ನು ಸಿಪ್ಪೆಯ ಮೇಲೆ ಸುರಿದು ಕುಡಿಸುವುದು, ಮರುದಿನ ಮತ್ತೆ ಬಿಸಿಲು, ಮತ್ತೆ ರಸ. ಸಿಪ್ಪೆ ಕಪ್ಪಾಗಿ ತೊಗಲಿನಂತೆ ಆಗುವವರೆಗೆ ಇದೇ. ಅವಳ ಬೆರಳುಗಳು ಮಳೆಗಾಲ ಬಂದರೂ ನೇರಳೆ ಬಣ್ಣ ಬಿಡುತ್ತಿರಲಿಲ್ಲ. ಒಣಗಿದ್ದರಲ್ಲಿ ಸರಿಯಾಗಿ ಅರ್ಧ ನನಗೆ. "ತಗ ತಂಗಿ, ಇದು ನಿನ್ನ ಪಾಲು."

ನಾನು ದಿನವೂ ಕುಡಿದೆ. ಅದೇ ಸಿಪ್ಪೆ, ಅದೇ ಬಾವಿಯ ನೀರು. ನನ್ನ ಸಕ್ಕರೆ ಅಲ್ಲಾಡಲಿಲ್ಲ. ಆಗ ನನ್ನ ತಲೆಗೆ ಬಂದದ್ದು ಒಂದೇ ವಿಚಾರ. ಒಳ್ಳೆಯ ಮರದ್ದನ್ನು ತಾನು ಇಟ್ಟುಕೊಂಡು ನನಗೆ ಬೇರೆಯದನ್ನು ಕೊಡುತ್ತಾಳೆ. ಯಲ್ಲಾಪುರದಲ್ಲಿದ್ದ ನನ್ನ ತಂಗಿಗೆ ಹೇಳಿ ಅಲ್ಲಿಯ ಮುರುಗಲನ್ನು ತರಿಸಿದೆ. ಅಕ್ಕ ಕೊಟ್ಟದ್ದನ್ನು ಒಂದು ಡಬ್ಬಿಯಲ್ಲಿ, ಯಲ್ಲಾಪುರದ್ದನ್ನು ಇನ್ನೊಂದರಲ್ಲಿ ಇಟ್ಟು ಮೂರು ತಿಂಗಳು ಅದು, ಮುಂದಿನ ಮೂರು ತಿಂಗಳು ಇದು ಎಂದು ಬದಲಿಸಿ ಕುಡಿದೆ. ವರದಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ಬರೆಸುತ್ತಿದ್ದವಳು ನಾನೇ. ಅವಳ ಮತ್ತು ನನ್ನ ನಡುವೆ ಬೇರೆಯಾದದ್ದು ಹಣ್ಣೊಂದೇ ಎಂದು ಅದು ಹೇಗೆ ಅಂದುಕೊಂಡೆನೋ... ಹಿಂದಿನ ದಿನದ ಅವಳ ಉಪವಾಸ ನನಗೆ ಗೊತ್ತಿತ್ತು. ಕಣ್ಣೆದುರಿಗೇ ಇತ್ತು. ಅದು ದೇವರ ಲೆಕ್ಕಕ್ಕೆ ಸೇರಿದ್ದು, ರಕ್ತದ ಲೆಕ್ಕಕ್ಕೆ ಅಲ್ಲ ಎಂದು ನಾವಿಬ್ಬರೂ ಬೇರೆ ಬೇರೆ ಕಡೆಯಿಂದ ನಂಬಿದ್ದೆವು.

ವಾನಳ್ಳಿಯಲ್ಲಿ ಒಂದು ಉಪನಯನ. ಅಕ್ಕ ಹಸಿರು ಸೀರೆ ಉಟ್ಟಿದ್ದಳು... ಇಲ್ಲ, ಆ ಸೀರೆ ಬೇರೆ ಯಾವುದೋ ಮದುವೆಯದು, ಇಲ್ಲಿ ನಾನು ಸೇರಿಸುತ್ತಿದ್ದೇನೆ. ಊಟದ ಪಂಕ್ತಿ ಮಾತ್ರ ನಿಜ. ಹೋಳಿಗೆ ಬಡಿಸುತ್ತ ಬಂದವನು ಆ ಮನೆಯ ಅಳಿಯ, ತಮಾಷೆಯ ಮನುಷ್ಯ. ಅಕ್ಕನ ಎಲೆಯ ಮುಂದೆ ನಿಂತು ಕೇಳಿದ.

"ಅಕ್ಕಾ, ನಿಂಗೆ ಸಕ್ರೆ ಕಾಯ್ಲೆ ಅಡ ಅಲ್ದ?"

"ಅದು ಸಿದ್ದಾಪುರದಲ್ಲೇ ಇದ್ದು ಮಾರಾಯ. ಮನೆ ಕಾಯಲೆ ಬಿಟ್ಟಿಕ್ಕಿ ಬಂದೆ. ನೀ ಹಾಕು."

ಪಂಕ್ತಿಯೇ ನಕ್ಕಿತು. ಅವನು ಎರಡು ಹಾಕಿದ, ತುಪ್ಪದವನನ್ನು ಕೂಗಿ ಕರೆದ. ಆಮೇಲೆ ನನ್ನ ಎಲೆಗೆ ಬಂದವನು ಕೇಳಲೂ ಇಲ್ಲ, ನನ್ನ ಮುಖ ನೋಡಿ ಮುಂದೆ ಹೋದ. ಅಕ್ಕ ಹೋಳಿಗೆಯನ್ನು ಮುರಿದು ತುಪ್ಪದಲ್ಲಿ ಅದ್ದಿ, ಕಣ್ಣು ಅರ್ಧ ಮುಚ್ಚಿ ತಿಂದಳು. ನನಗೆ ಹೋಳಿಗೆ ಬೇಕಿತ್ತು ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಆ ಅರ್ಧ ಮುಚ್ಚಿದ ಕಣ್ಣು. ನನ್ನ ಅಪ್ಪನ ಕಾಲು ನೆನಪಾಗದೆ ಒಂದೇ ಒಂದು ತುತ್ತು ನುಂಗಲು ನನಗೆ ಆಗುತ್ತಿರಲಿಲ್ಲ. ಅವಳಿಗೆ ಆಗುತ್ತಿತ್ತು. ಅವಳಿಂದ ಕಿತ್ತುಕೊಳ್ಳಬೇಕೆನಿಸಿದ್ದು ಅದನ್ನೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಕ್ಕನಿಗೆ ಅಕ್ಕಿಯಲ್ಲಿನ ಕಲ್ಲು ಕಾಣದಾಯಿತು. ಕನ್ನಡಕ ಬದಲಿಸಿದರು. ಆಮೇಲೆ ಎದುರಿಗೆ ಬಂದವರ ಮುಖದ ನಡುವೆ ಮಸಿ ಬಳಿದಂತೆ ಕಾಣುತ್ತದೆ ಎಂದಳು. ಬಾವ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಕಣ್ಣಿನ ಡಾಕ್ಟರು ನೋಡಿದ ಮೇಲೆ ಸಕ್ಕರೆಯ ಡಾಕ್ಟರು ನೋಡಿದರು. ನಮಗೆ ಗೊತ್ತಿರದ ಒಂದು ರಕ್ತಪರೀಕ್ಷೆ ಮಾಡಿಸಿದರು. ಆ ಒಂದು ದಿನದ್ದಲ್ಲ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯೆಲ್ಲ ಅದರಲ್ಲಿ ಒಟ್ಟಿಗೆ ಕಾಣುತ್ತದಂತೆ.

ತಿರುಗಿ ಬಂದ ಮರುದಿನ ನಾನು ಬಾವಿಮನೆಗೆ ಹೋದೆ. ಅಕ್ಕ ಜಗುಲಿಯಲ್ಲಿ ಕೂತಿದ್ದಳು. ಬಾವ ಒಳಗಿದ್ದರು. ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದಳು.

"ಬಾ ತಂಗಿ, ಕೂತ್ಗ. ಒಂದು ಮಜ ಹೇಳ್ತೆ. ಡಾಕ್ಟ್ರು ಕೇಳಿದ, ಅಮ್ಮಾ ನೀವು ರಕ್ತ ಯಾವಾಗ ಕೊಡ್ತಿದ್ರಿ ಹೇಳಿ. ಏಕಾದಶಿ ಮರುದಿನ ಹೇಳ್ದೆ. ಅವ ಪೆನ್ನು ಕೆಳಗೆ ಇಟ್ಟ."

"ಎಂತಕ್ಕೆ?"

"ಇಡೀ ದಿನ ಎಂತದೂ ತಿನ್ನದೆ ಬಂದ್ರೆ ಸಕ್ರೆ ಇಳಿದೇ ಇಳಿತು ಅಡ. ವರ್ಷದಲ್ಲಿ ನಾಕು ದಿನ ನಿಮ್ಮ ಸಕ್ರೆ ಚೊಲೋ ಇತ್ತು, ಆ ನಾಕು ದಿನವೇ ನೀವು ತೋರ್ಸಿದ್ದು ಹೇಳ್ದ." ಅವಳು ನಗಲು ಶುರು ಮಾಡಿದಳು. ಕೆಮ್ಮು ಬರುವವರೆಗೆ ನಕ್ಕಳು.

"ನಗೆ ಎಂತಕ್ಕೆ ಅಕ್ಕಾ?"

"ಅಳಲೆ ನೀ ಇದ್ದೆ ಅಲ್ದನೆ?"

ನಾನು ಅಳುತ್ತಿರಲಿಲ್ಲ. ಅಷ್ಟೂ ವರ್ಷ ನಾನು ಯಾವ ಗೆಲುವಿನ ಎದುರು ಸೋತಿದ್ದೆನೋ ಆ ಗೆಲುವು ಇರಲೇ ಇಲ್ಲ ಎಂದು ಅರ್ಥವಾಗುತ್ತಿತ್ತು. ಹೊಟ್ಟೆಯೊಳಗಿನ ಉರಿ ಆಗಲಾದರೂ ಆರಬೇಕಿತ್ತು. ಅವಳು ನನ್ನ ಮುಖ ಇರುವ ದಿಕ್ಕಿಗೆ ತಿರುಗಿ, ತಮಾಷೆಯ ದನಿಯಲ್ಲೇ, ಆದರೆ ನಗದೆ ಕೇಳಿದಳು.

"ಆನು ಸುಳ್ಳು ನಂಬ್ಕಂಡು ಹೋಳ್ಗೆ ತಿಂದೆ ತಂಗಿ. ನೀ ಖರೆ ನಂಬ್ಕಂಡು ಎಂತ ತಿಂದೆ, ಹೇಳು?"

ಈ ಮಾತನ್ನು ಅವಳು ಆ ದಿನವೇ ಹೇಳಿದಳೋ, ಆಮೇಲೆ ಎಂದಾದರೂ ಹೇಳಿದಳೋ, ಅಥವಾ ಅವಳು ಅರ್ಧ ಹೇಳಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಪೂರ್ತಿ ಮಾಡಿದೆನೋ... ಮಾತು ತೀರ ಸರಿಯಾಗಿ ಕೂತಿದೆ. ಅಷ್ಟು ಸರಿಯಾಗಿ ಯಾರೂ ಮಾತನಾಡುವುದಿಲ್ಲ. ಆದರೆ ಅಂದು ರಾತ್ರಿಯೂ ನಾನು ಅನ್ನವನ್ನು ಸೌಟಿನಲ್ಲೇ ಅಳೆದೆ ಎನ್ನುವುದು ಖಂಡಿತ. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಆಮೇಲೆ ಅವಳೂ ಅನ್ನ ಅಳೆದಳು, ಇನ್ಸುಲಿನ್ ಚುಚ್ಚಿಸಿಕೊಂಡಳು. ತಡವಾಗಿತ್ತು. ಮೂತ್ರಪಿಂಡ ಸೋತಿತು. ಕೊನೆಯ ಬೇಸಿಗೆಯಲ್ಲಿ ಕಣ್ಣು ಕಾಣದಿದ್ದರೂ ಮುರುಗಲು ಒಡೆದಳು. ಬೀಜ ಬೇರೆ, ಸಿಪ್ಪೆ ಬೇರೆ ಬೆರಳಿಗೇ ತಿಳಿಯುತ್ತಿತ್ತು. ನನ್ನ ಪಾಲು ಆ ವರ್ಷವೂ ಬಂತು. ಮುಂದಿನ ಬೇಸಿಗೆಗೆ ಅವಳು ಇರಲಿಲ್ಲ. ನಾವು ಶಿರಸಿಗೆ ಬಂದು ನೆಲೆಸಿದೆವು.

ಪೊಟ್ಟಣ ಬಿಚ್ಚಿದ ವಾರದಲ್ಲೇ ನನ್ನ ಈಗಿನ ಡಾಕ್ಟರ ಬಳಿ ಹೋಗಿದ್ದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೇಳಿದ್ದಕ್ಕೆ ಬೇಸರವಿಲ್ಲದೆ ಉತ್ತರ ಕೊಡುತ್ತಾಳೆ. ಹುಳಿ, ಒಗರು ಹಣ್ಣಿನಿಂದ ಸಕ್ಕರೆ ಕಾಯಿಲೆಗೆ ಏನಾದರೂ ಉಪಯೋಗ ಇದೆಯೇ ಎಂದು ಕೇಳಿದೆ. ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೆ ಅನ್ನಬೇಕೆಂದು ಆಸೆಯೂ ಇತ್ತು. ಅವಳು ಒಂದು ಕಾಗದ ಎಳೆದುಕೊಂಡು ಚಿತ್ರ ಬರೆದಳು. ಇನ್ಸುಲಿನ್ ಹುಟ್ಟುವ ಜೀವಕೋಶದಲ್ಲೇ ಇನ್ನೊಂದು ಪ್ರೋಟೀನೂ ಹುಟ್ಟುತ್ತದಂತೆ. ಈ ಕಾಯಿಲೆಯಲ್ಲಿ ಅದರ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ, ಕುದಿಯುವ ನೀರಿಗೆ ರಾಗಿಹಿಟ್ಟನ್ನು ಒಮ್ಮೆಲೇ ಸುರಿದಂತೆ. ಆ ಗಂಟುಗಳು ಇನ್ಸುಲಿನ್ ಮಾಡುವ ಕೋಶಗಳನ್ನೇ ಕೊಲ್ಲುತ್ತವೆ. ಕೆಲವು ಹಣ್ಣುಗಳಲ್ಲಿರುವ ಒಗರಿನ ಅಂಶಗಳು ಹಾಗೆ ಗಂಟಾಗುವುದನ್ನು ತಡೆಯಬಹುದು.

"ತಡೀತದಾ?"

"ತಡೀಬಹುದು ಅಂತಾರೆ ಅಮ್ಮಾ. ಅದೂ ಗಾಜಿನ ನಳಿಕೆಯೊಳಗೆ. ಮನುಷ್ಯರ ಮೈಯಲ್ಲಿ ಏನಾಗ್ತದೆ ಅಂತ ಇನ್ನೂ ಗೊತ್ತಿಲ್ಲ. ನೀವು ಗುಳಿಗೆ ಬಿಡಬೇಡಿ."

"ಮುರುಗಲು?"

"ಗೊತ್ತಿಲ್ಲ ಅಮ್ಮಾ."

ಹೊರಗೆ ಬಂದು ರಿಕ್ಷಾ ಕಾಯುತ್ತ ನಿಂತಾಗ ಮತ್ತೆ ಅದೇ ಚುರ್. ಸತ್ತ ಮೇಲೂ ಅವಳ ಮಾತು ನಿಜವಾಗುವ ಒಂದು ಸಣ್ಣ ದಾರಿ ಉಳಿದುಕೊಂಡಿದೆ. ವರ್ಷದ ಉಳಿದ ದಿನಗಳಲ್ಲಿ ಅಷ್ಟು ಹೋಳಿಗೆ, ಅಷ್ಟು ಬನ್ಸ್ ತಿಂದೂ ಅವಳ ಕಣ್ಣು ಅಷ್ಟು ವರ್ಷ ತಾಳಿತಲ್ಲ, ಅದು ಏಕೆ? ಇನ್ನೊಂದು ವಿಚಾರ ಅದಕ್ಕಿಂತ ಕೆಟ್ಟದ್ದು. ನನ್ನ ಕಣ್ಣು ಈಗಲೂ ಕಾಣುತ್ತದೆ. ಮೂತ್ರಪಿಂಡ ಸರಿಯಿದೆ, ಎರಡೂ ಪಾದಗಳಿವೆ. ಅದಕ್ಕೆ ಕಾರಣ ಗುಳಿಗೆಯೋ, ಅಪ್ಪ ಬಿಟ್ಟುಹೋದ ಹೆದರಿಕೆಯೋ, ವರ್ಷವರ್ಷವೂ ಅವಳು ಅರ್ಧ ಪಾಲು ಮಾಡಿ ಕೊಟ್ಟ ಸಿಪ್ಪೆಯೋ, ನನಗೆ ಯಾರು ಹೇಳಬೇಕು? ಹಣ್ಣು ಕೆಲಸ ಮಾಡಿದ್ದರೆ ಅದು ನನ್ನ ಮೈಯಲ್ಲಿ ಮಾಡಿರಬಹುದು. ಅವಳ ಮೈಯಲ್ಲಿ ಅಲ್ಲ.

ಈ ಬರಹವನ್ನು ಇಲ್ಲಿಗೇ ಬಿಡಬಹುದಿತ್ತು. ಆದರೆ ನಿನ್ನೆಯಿಂದ ಒಂದು ಬೆಳಗು ತಲೆಯೊಳಗೆ ಬಂದು ಕೂತಿದೆ, ಹೋಗುತ್ತಿಲ್ಲ. ಶಿರಸಿಯ ಆ ಲ್ಯಾಬಿನ ಬಾಗಿಲಿಗೆ ಬೀಗ. ರಕ್ತ ತೆಗೆಯುವವನ ಮನೆಯಲ್ಲಿ ಏನೋ ಆಗಿ ಅವನು ಊರಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದು ಪಕ್ಕದ ಔಷಧಿ ಅಂಗಡಿಯವರು ಹೇಳುತ್ತಾರೆ. ನಾಳೆಯೇ ಬರೋಣ ಎನ್ನುತ್ತೇನೆ ನಾನು. ಅಕ್ಕ ಬೀಗವನ್ನು ನೋಡುತ್ತಾಳೆ. "ನಾಳೆ ಬ್ಯಾಡ" ಎನ್ನುತ್ತಾಳೆ. "ಮುಂದಿನ ಏಕಾದಶಿ ಆಗ್ಲಿ. ಆವಾಗ ಬಪ್ಪನ."

ಆ ದನಿಯಲ್ಲಿ ಏನಿತ್ತು? ಮತ್ತೊಂದು ದಿನ ಹಸಿದು ಬರುವ ಬೇಸರವೇ? ಒಂದು ಉಪವಾಸವನ್ನು ಉಳಿಸಿಕೊಳ್ಳುವ ಗೃಹಿಣಿಯ ಲೆಕ್ಕವೇ? ಅಥವಾ ಉಪವಾಸವಿಲ್ಲದ ಮರುದಿನದ ರಕ್ತ ಏನು ಹೇಳೀತೆಂದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ಹೆದರಿಕೆ ಬೇಡವೆಂದು ಅವಳೇ ಆರಿಸಿಕೊಂಡಳೇ? ತಿಳಿಯದೆ ಮಾಡಿದ್ದರೆ ಅವಳಿಗಾಗಿ ಮರುಗಬಲ್ಲೆ, ಅಷ್ಟು ಒಳ್ಳೆಯತನ ನನ್ನಲ್ಲಿದೆ. ತಿಳಿದೇ ಮಾಡಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಕೊನೆಯಿಲ್ಲ.

ಬಾವನೂ ಹೋದರು. ಆ ಮನೆ ಬೇರೆಯವರ ಕೈಗೆ ಹೋಯಿತು. ನನ್ನನ್ನು ತಂಗಿ ಎಂದು ಕರೆಯುವವರು ಈಗ ಯಾರೂ ಇಲ್ಲ. ಲ್ಯಾಬಿಗೆ ಬೀಗ ಬಿದ್ದ ಆ ಬೆಳಗು ನಿಜವಾಗಿ ನಡೆದದ್ದೇ ಎಂದೂ ಆಣೆ ಮಾಡಿ ಹೇಳಲಾರೆ. ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.